ತೆರಿಗೆ ಕೇಳುವವನು

ಆರ್ವೋ ಕಂಗಾಸ್ ನಮ್ಮೂರು ಆಲ್ಡರ್ ಬೆಂಡಿನಲ್ಲಿ ನಲವತ್ತೊಂದು ವರ್ಷ ಫ್ರಿಜ್ಜು, ಒಲೆ, ಬಟ್ಟೆ ಒಗೆಯುವ ಮೆಷೀನು ಮಾರಿಕೊಂಡು, ಕೆಟ್ಟರೆ ತಾನೇ ಹೋಗಿ ರಿಪೇರಿ ಮಾಡಿಕೊಂಡು ಬದುಕಿದ. ಅವನ ವಿಷಯ ಬರೆಯುವುದಾದರೆ ನಾನು ಅವನಿಗೆ ಏನು ಮಾಡಿದೆ ಅನ್ನುವುದನ್ನೂ ಬರೆಯಬೇಕು. ಅದೊಂದನ್ನು ಬಿಟ್ಟು ಬರೆಯೋಣವೆಂದು ಎರಡು ಸಲ ಕೂತೆ. ಎರಡು ಸಲವೂ ಯಾರೋ ಒಳ್ಳೆಯ ಮನುಷ್ಯನ ಹೊಗಳಿಕೆಯಾಯಿತು, ಆರ್ವೋ ಬರಲಿಲ್ಲ. ಹಾಗಾಗಿ ಈ ಸಲ ನಾಚಿಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೆಯುತ್ತಿದ್ದೇನೆ.

ನನ್ನ ಹೆಸರು ಮರ್ಲ್ ಡಕೆಟ್. ಕಾಗದದ ಗಿರಣಿಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಸಿಟ್ಟು ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ.

ನಮ್ಮೂರು ಕೊಲಂಬಿಯಾ ನದಿಯ ಈ ದಡದಲ್ಲಿದೆ, ವಾಷಿಂಗ್ಟನ್ ರಾಜ್ಯದಲ್ಲಿ. ಸೇತುವೆ ದಾಟಿದರೆ ಒರೆಗನ್ ರಾಜ್ಯ. ಈ ದಡದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಆದರೆ ತಿನ್ನುವ ಸಾಮಾನು ಬಿಟ್ಟು ಬೇರೇನು ಕೊಂಡರೂ ಮಾರಾಟ ತೆರಿಗೆ ಕಟ್ಟಬೇಕು. ಆ ದಡದಲ್ಲಿ ಮಾರಾಟ ತೆರಿಗೆ ಇಲ್ಲವೇ ಇಲ್ಲ, ಸಂಬಳದಲ್ಲೇ ರಾಜ್ಯ ತನ್ನ ಪಾಲು ಕಿತ್ತುಕೊಳ್ಳುತ್ತದೆ. ನಮ್ಮ ಕಡೆ ಜಾಣನೆಂದರೆ ಇಲ್ಲಿ ದುಡಿದು ಅಲ್ಲಿ ಕೊಳ್ಳುವವನು. ಶನಿವಾರ ಬೆಳಗ್ಗೆ ಸೇತುವೆಯ ಮೇಲೆ ಖಾಲಿ ಪಿಕಪ್ ಗಾಡಿಗಳು ಸಾಲಾಗಿ ಹೋಗುತ್ತವೆ, ಮಧ್ಯಾಹ್ನ ತುಂಬಿಕೊಂಡು ವಾಪಸ್ ಬರುತ್ತವೆ. ಹಾಗೆ ತಂದಿದ್ದಕ್ಕೂ ನಾವೇ ಲೆಕ್ಕ ಕೊಟ್ಟು ತೆರಿಗೆ ಕಟ್ಟಬೇಕೆಂದು ಕಾನೂನಿದೆ. ಕಟ್ಟಿದವನನ್ನು ನಾನಂತೂ ನೋಡಿಲ್ಲ.

ಒರೆಗನ್‌ನವರು ನಮ್ಮ ಕಡೆ ಬಂದು ಕೊಂಡರೆ ಆಗ ಅವರಿಗೆ ತೆರಿಗೆ ಮಾಫಿ ಇತ್ತು. ಕೌಂಟರಿನಲ್ಲಿ ಒರೆಗನ್ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಸಾಕು. ಅಂಗಡಿಯವನು ಆ ಕಾರ್ಡು ನೋಡಿ ಹೆಸರು, ನಂಬರು, ಸಾಮಾನಿನ ನಂಬರು ಪುಸ್ತಕದಲ್ಲಿ ಬರೆದಿಡಬೇಕು. ಈಗ ಆ ಪದ್ಧತಿ ಹೋಗಿದೆ, ಆಗ ಹಾಗಿತ್ತು.

ಆರ್ವೋಗೆ ಆ ಕಾರ್ಡು ಕೇಳುವುದೆಂದರೆ ಪ್ರಾಣ ಹೋದಂತಾಗುತ್ತಿತ್ತು. ಆರಡಿ ಎರಡಂಗುಲದ ಆಳು, ಕಿವಿಯ ತುದಿಯವರೆಗೆ ಕೆಂಪಾಗಿ, ಕೌಂಟರಿನ ಮರ ನೋಡುತ್ತಾ, "ಕಾರ್ಡು ಒಂಚೂರು ತೋರಿಸ್ತೀರಾ" ಎನ್ನುತ್ತಿದ್ದ. ಗೊತ್ತಿಲ್ಲದವರು ಇವನೇ ಏನೋ ಕದ್ದಿದ್ದಾನೆ ಅಂದುಕೊಳ್ಳಬೇಕು, ಹಾಗೆ. ಅವನಪ್ಪ ಫಿನ್ಲೆಂಡಿನಿಂದ ಬಂದು ಈ ನದಿಯಲ್ಲಿ ಸಾಲ್ಮನ್ ಮೀನು ಹಿಡಿಯುತ್ತಿದ್ದವನು. ಮಗನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು, ಅದಕ್ಕೇ ಅಂಗಡಿ ಇಟ್ಟ. ಮಾತು ಕಡಿಮೆ. ಆದರೆ ಯಾರ ಮನೆಯಲ್ಲಿ ಯಾವ ಮೆಷೀನಿದೆ, ಆ ಮನೆಯವರಿಗೆ ಏನು ಕಾಯಿಲೆಯಿದೆ, ಎರಡೂ ನೆನಪಿರುತ್ತಿತ್ತು. "ನಿಮ್ಮ ಡ್ರೈಯರ್ ಹೇಗಿದೆ, ನಿಮ್ಮ ಮಂಡಿ ಹೇಗಿದೆ" ಎಂದು ಒಂದೇ ಉಸಿರಿಗೆ ಕೇಳುವವನು. ಗ್ರೇಂಜ್ ಅಂದರೆ ನಮ್ಮೂರ ರೈತರ ಹಳೆಯ ಸಂಘ. ಅದರ ಖಜಾಂಚಿಯಾಗಿ ಹತ್ತೊಂಬತ್ತು ವರ್ಷದಿಂದ ಅವನೇ ಇದ್ದ. ಬೇರೆಯವರ ಹೆಸರು ಹೇಳಬೇಕೆಂದು ಯಾರಿಗೂ ಹೊಳೆದಿರಲೇ ಇಲ್ಲ.

ಶನಿವಾರ ಸಂಜೆ ಅವನ ಮನೆಯ ಹಿಂದಿನ ಸೌನಾದಲ್ಲಿ ನಾವಿಬ್ಬರೂ ಕೂರುತ್ತಿದ್ದೆವು. ಮರದ ಸಣ್ಣ ಕೋಣೆ, ಕಾದ ಕಲ್ಲು, ಕಲ್ಲಿಗೆ ಸುರಿದ ನೀರಿನ ಹಬೆ. ಇಪ್ಪತ್ತು ವರ್ಷ ಮೈಮೇಲೆ ಬಟ್ಟೆಯಿಲ್ಲದೆ ಒಂದೇ ಬೆಂಚಿನ ಮೇಲೆ ಕೂತವರು ನಾವು. ಆಮೇಲೆ ಅವನ ಹೆಂಡತಿ ಐಲೀ ಏಲಕ್ಕಿ ಹಾಕಿದ ಬ್ರೆಡ್ಡು, ಕಾಫಿ ಕೊಡುತ್ತಿದ್ದಳು.

ಅಲ್ಲೂ ನನ್ನದು ಒಂದೇ ಭಜನೆ: ಆದಾಯ ತೆರಿಗೆ. ಒಂದು ವರ್ಷ ಕೇಂದ್ರ ಸರ್ಕಾರದ ತೆರಿಗೆಯವರು ನನ್ನನ್ನು ಕರೆಸಿ, ನನ್ನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದಕ್ಕೂ ಬೆರಳಿಟ್ಟು "ಇದೇನು, ಇದೇನು" ಎಂದು ಕೇಳಿದ್ದರು. ಮೀನು ಹಿಡಿಯಲು ಹೋದ ಪೆಟ್ರೋಲನ್ನು ಕೆಲಸದ ಖರ್ಚೆಂದು ಬರೆದಿದ್ದೆ. ತಪ್ಪು ನನ್ನದಾಗಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂತು. ನಿವೃತ್ತನಾದ ಮೇಲೆ ಆ ಸಿಟ್ಟಿಗೊಂದು ಧ್ವಜ ಸಿಕ್ಕಿತು. ಆದಾಯ ತೆರಿಗೆಯನ್ನು ಪೂರ್ತಿ ಕಿತ್ತುಹಾಕಿ ದೇಶಕ್ಕೆಲ್ಲ ಒಂದೇ ಮಾರಾಟ ತೆರಿಗೆ ತರಬೇಕೆಂಬ ಚಳವಳಿ ಸೇರಿಕೊಂಡೆ, ಊರೂರು ತಿರುಗಿ ಭಾಷಣ ಮಾಡಿದೆ.

"ಫಾರಂ ಬೇಡ, ಆಫೀಸರ್ ಬೇಡ. ದುಡಿದಿದ್ದೆಲ್ಲ ನಿಮ್ದೇ. ಖರ್ಚು ಮಾಡಿದಾಗ ಮಾತ್ರ ಸರ್ಕಾರಕ್ಕೆ ಪಾಲು ಕೊಡಿ, ಮನೆಗೆ ಹೋಗಿ. ಬಡವರು ಅನ್ನದ ಖರ್ಚಿನ ಮೇಲೆ ಕಟ್ಟೋ ತೆರಿಗೆ ದುಡ್ಡನ್ನ ತಿಂಗಳು ತಿಂಗಳು ಸರ್ಕಾರವೇ ಮುಂಚೆ ಅವರಿಗೆ ಕಳಿಸುತ್ತೆ. ಕಳ್ಳನೂ ಬರಬೇಕು, ಸಾಹುಕಾರನೂ ಬರಬೇಕು. ಕೌಂಟರ್ ಮುಂದೆ ಯಾರೂ ಬಚ್ಚಿಟ್ಟುಕೊಳ್ಳೋಕಾಗಲ್ಲ!" ಕೊನೆಯ ಮಾತಿಗೆ ಚಪ್ಪಾಳೆ ಗ್ಯಾರಂಟಿ ಇತ್ತು.

ಒಂದು ಶನಿವಾರ ಹಬೆಯೊಳಗಿಂದ ಆರ್ವೋ ಕೇಳಿದ, "ಮರ್ಲ್, ಒಂದು ಅರ್ಥ ಆಗಲ್ಲ. ಕೇಳೋರು ಯಾರು?"

"ಏನನ್ನ?"

"ತೆರಿಗೇನ. ಈಗ ನಿನ್ನ ಫಾರಂ ನೀನೇ ತುಂಬ್ತೀಯ, ಕೆಳಗೆ ನೀನೇ ಸಹಿ ಹಾಕ್ತೀಯ. ಸುಳ್ಳು ಬರೆದ್ರೆ ಅದು ನಿನ್ನ ಸುಳ್ಳು. ನೀನು ಹೇಳೋ ಹಾಗಾದ್ರೆ ಕೌಂಟರ್ ಹಿಂದೆ ನಿಂತೋನು ಎಲ್ರ ಹತ್ರಾನೂ ಕೇಳ್ಬೇಕು. ಎಲ್ರ ಸುಳ್ಳೂ ಅವನ ಪುಸ್ತಕದಲ್ಲಿ ಬಂದು ಕೂತ್ಕೊಳುತ್ತೆ."

"ನೀನು ಈಗ್ಲೂ ಕೇಳ್ತಿದೀಯಲ್ಲೋ ಮಾರಾಯ! ನೂರಕ್ಕೆ ಎಂಟು ಕೇಳೋನು ಮೂವತ್ತು ಕೇಳ್ತೀಯ. ಅದರಲ್ಲೇನು ಕಷ್ಟ?"

ಅವನು ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಸುರಿದ. "ಎಂಟು ಕೇಳೋಕೇ ಕಷ್ಟ ಆಗ್ತಿದೆ" ಎಂದ. ನಾನು ನಕ್ಕುಬಿಟ್ಟೆ.

ಎರಡು ಸಾವಿರದ ನಾಲ್ಕರ ಆಗಸ್ಟಿನಲ್ಲಿ ನಮ್ಮ ಮನೆಯ ಫ್ರಿಜ್ಜು ಕೈಕೊಟ್ಟಿತು. ನನ್ನ ಹೆಂಡತಿ ಗ್ಲೆಂಡಾಗೆ ಎರಡು ಬಾಗಿಲಿನದೇ ಬೇಕು. ಬೆಲೆ ಸಾವಿರದ ಏಳುನೂರು ಡಾಲರ್, ತೆರಿಗೆ ನೂರ ಮೂವತ್ತೊಂದು. ಸೇತುವೆ ದಾಟಿ ಕೊಳ್ಳಬಹುದಿತ್ತು, ಆದರೆ ಆರ್ವೋನನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಗ್ಲೆಂಡಾಳ ತಮ್ಮ ವರ್ಲಿನ್ ಇರುವುದು ಒರೆಗನ್‌ನಲ್ಲಿ. ಅವನನ್ನು ಕರೆಸಿ, ಅವನ ಲೈಸೆನ್ಸ್ ತೋರಿಸಿ, ಆರ್ವೋನ ಅಂಗಡಿಯಲ್ಲೇ ಕೊಂಡರೆ ಹೇಗೆ? ಆರ್ವೋಗೆ ವ್ಯಾಪಾರವಾಗುತ್ತದೆ, ನನಗೆ ತೆರಿಗೆ ಉಳಿಯುತ್ತದೆ. ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ನಂಬಿದ್ದೆ ಎಂದು ಈಗ ಬರೆಯುವಾಗಲೂ ಕೈ ತಡೆಯುತ್ತದೆ.

ಪಿಕಪ್ಪಿನಲ್ಲಿ ಹೋಗುವಾಗ ವರ್ಲಿನ್ ಕಿಸಿಕಿಸಿ ನಗುತ್ತಿದ್ದ. "ಭಾವ, ಮಾರಾಟ ತೆರಿಗೆಯೇ ದೇವರು ಅಂತ ಊರೆಲ್ಲ ಭಾಷಣ ಬಿಗೀತೀಯ. ಈಗ ಆ ದೇವರಿಗೇ ಮೂರು ನಾಮ ಹಾಕೋಕೆ ನನ್ನ ಕರ್ಕೊಂಡು ಹೋಗ್ತಿದೀಯಾ?"

"ಇದು ರಾಜ್ಯದ್ದು ಕಣೋ. ನಾನು ಹೇಳೋದು ದೇಶದ್ದು. ಅದು ಬಂದ್ರೆ ಎರಡು ದಡಕ್ಕೂ ಒಂದೇ ರೇಟು, ಈ ಸೇತುವೆಯ ಆಟವೆಲ್ಲ ಬಂದ್."

"ಓಹೋ, ಬಂದ್ ಆಗೋಕೆ ಮುಂಚೆ ಒಂದು ಕೈ ಆಡಿಬಿಡೋಣ ಅಂತ. ಸರಿ ಬಿಡು."

ಅಂಗಡಿಯಲ್ಲಿ ನಾನೇ ಮುಂದೆ ಬಿದ್ದು ಬಾಯಿ ಹಾಕಿದೆ. "ಆರ್ವೋ, ನನ್ನ ಬಾಮೈದನಿಗೆ ಫ್ರಿಜ್ ಬೇಕಂತೆ. ಎರಡು ಬಾಗಿಲಿಂದು."

ಆರ್ವೋ ವರ್ಲಿನ್‌ನನ್ನು ನೋಡಿದ, ನನ್ನನ್ನು ನೋಡಿದ. "ನಿಮ್ಮ ಅಡುಗೆಮನೇಲಿ ಹಿಡಿಸುತ್ತಾ? ಅಳತೆ ನೋಡಿದೀರಾ?" ಎಂದು ವರ್ಲಿನ್‌ಗೆ ಕೇಳಿದ.

"ಭಾವ ನೋಡಿದಾರೆ" ಎಂದ ಪುಣ್ಯಾತ್ಮ.

ಆರ್ವೋನ ಕಿವಿ ಕೆಂಪಾಯಿತು. ಕೌಂಟರಿನ ಮರ ನೋಡುತ್ತಾ ಕಾರ್ಡು ಕೇಳಿದ. ಪುಸ್ತಕದಲ್ಲಿ ಬಹಳ ಹೊತ್ತು ಬರೆದ. ತಾನೇ ತಂದು ಇಳಿಸಿಕೊಡಲೇ ಎಂದು ಕೇಳಿದ, ಬೇಡ ನನ್ನ ಪಿಕಪ್ ಇದೆ ಎಂದೆ. ಆಗ ಹೊರಗೆ ಬಂದು, "ಸೇತುವೆ ಮೇಲೆ ಗಾಳಿ ಜೋರಿರುತ್ತೆ" ಎನ್ನುತ್ತಾ ತಾನೇ ಹಗ್ಗ ಬಿಗಿದು ಕಟ್ಟಿದ. ನಾವು ಸೇತುವೆಯ ದಾರಿಯಲ್ಲೇ ಹೊರಟು, ಅಂಗಡಿ ಮರೆಯಾದ ಮೇಲೆ ಎಡಕ್ಕೆ ತಿರುಗಿ ನಮ್ಮ ಮನೆಗೆ ಹೋದೆವು.

ಮೂರು ವಾರವಾಗಿತ್ತು. ಫ್ರಿಜ್ಜಿನಲ್ಲಿ ಐಸ್ ಮಾಡುವ ಕಡೆಯಿಂದ ನೀರು ತೊಟ್ಟಿಕ್ಕತೊಡಗಿತು. ನಾನು ಎಲ್ಲೋ ಭಾಷಣಕ್ಕೆ ಹೋಗಿದ್ದೆ. ಗ್ಲೆಂಡಾ ಯೋಚಿಸಲೇ ಇಲ್ಲ, ಮೂವತ್ತು ವರ್ಷದ ಅಭ್ಯಾಸದಂತೆ ಆರ್ವೋಗೆ ಫೋನ್ ಮಾಡಿಬಿಟ್ಟಳು. ನಾನು ವಾಪಸ್ ಬಂದಾಗ ಅಂಗಳದಲ್ಲಿ ಅವನ ವ್ಯಾನು. ಅಡುಗೆಮನೆಯ ನೆಲದ ಮೇಲೆ ಫ್ರಿಜ್ಜಿನ ಹಿಂದೆ ಮಲಗಿದ್ದ, ಬೂಟು ಮಾತ್ರ ಕಾಣುತ್ತಿತ್ತು.

"ವರ್ಲಿನ್ ಮನೇಲಿ ಹಿಡಿಸಲಿಲ್ಲ ಕಣೋ. ಸದ್ಯಕ್ಕೆ ಇಲ್ಲಿಟ್ಟಿದೀವಿ" ಎಂದೆ.

"ಹೂಂ" ಎಂದವು ಬೂಟುಗಳು.

ಗ್ಯಾರಂಟಿಯಲ್ಲಿದ್ದ ಮೆಷೀನು, ಹಾಗಾಗಿ ರಿಪೇರಿಯ ಚೀಟಿ ಬರೆಯಲೇಬೇಕು. ಮೆಷೀನಿನ ನಂಬರು ಬರೆದ, ನಮ್ಮ ಮನೆಯ ವಿಳಾಸ ಬರೆದ, ತನ್ನ ಸಹಿ ಹಾಕಿದ. "ಇಲ್ಲೊಂದು ಸಹಿ" ಎಂದು ನನ್ನ ಕಡೆ ತಳ್ಳಿದ. ಹಾಕಿದೆ. ಕಾಫಿ ಕುಡಿದು ಹೋದ. ಆ ಶನಿವಾರ ಸೌನಾಕ್ಕೂ ಕರೆದ, ನಾನೂ ಹೋದೆ. ಏನೂ ಆಗಿಲ್ಲವೆಂಬಂತೆ ಹೋದೆ.

ಒಂದೂಮುಕ್ಕಾಲು ವರ್ಷದ ಮೇಲೆ ಒಂದು ದಿನ ರಾಜ್ಯ ಸರ್ಕಾರದ ಕಾರು ಆರ್ವೋನ ಅಂಗಡಿ ಮುಂದೆ ನಿಂತಿತು. ಮೂರು ದಿನ ನಿಂತಿತ್ತು. ಪುಸ್ತಕ ತಪಾಸಣೆಯಂತೆ ಎಂದು ಊರಲ್ಲಿ ಮಾತಾಯಿತು. ನಾನೂ ಕೇಳಿದೆ, "ಎಲ್ಲ ಸರಿ ಹೋಯ್ತಾ?" ಅವನು "ಆಯ್ತು" ಎಂದ. ಅಷ್ಟಕ್ಕೇ ನನಗೆ ಸಮಾಧಾನವಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಗ್ರೇಂಜ್ ಹಾಲಿನಲ್ಲಿ ಚರ್ಚೆ ಇಟ್ಟರು. ಕೇಂದ್ರದ ಆದಾಯ ತೆರಿಗೆಯ ಜಾಗಕ್ಕೆ ಮಾರಾಟ ತೆರಿಗೆ ಬರಬೇಕೇ ಬೇಡವೇ? ಬೇಕು ಎನ್ನಲು ನಾನು, ಬೇಡ ಎನ್ನಲು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಟಿಬೆಟ್ಸ್ ಎಂಬಾಕೆ. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಹಿಂದೆ ಹೆಂಗಸರು ಹಣ್ಣಿನ ಪೈ ಮಾರುತ್ತಿದ್ದರು. ಆರ್ವೋ, ಐಲೀ ಮೂರನೇ ಸಾಲಿನಲ್ಲಿದ್ದರು.

ಆಕೆ ಸಲೀಸಾಗಿ ಮಾತಾಡಿದರು. ಬಡವರು ಬಂದದ್ದನ್ನೆಲ್ಲ ಖರ್ಚು ಮಾಡುತ್ತಾರೆ, ಸಾಹುಕಾರರು ಉಳಿಸುತ್ತಾರೆ, ಹೊರೆ ಯಾರ ಮೇಲೆ ಬೀಳುತ್ತದೆ ನೋಡಿ ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಕೊಟ್ಟೆ. ಕೌಂಟರ್ ಮುಂದೆ ಯಾರೂ ಬಚ್ಚಿಟ್ಟುಕೊಳ್ಳಲಾಗದು ಎಂದೂ ಹೇಳಿದೆ. ಚಪ್ಪಾಳೆ ಬಂತು.

"ಹೌದಾ ಡಕೆಟ್ ಅವರೇ?" ಎಂದರು ಆಕೆ. "ಶನಿವಾರ ಬೆಳಗ್ಗೆ ನಮ್ಮ ಸೇತುವೆ ಮೇಲೆ ನಿಂತು ನೋಡಿದೀರಾ?"

ಹಾಲೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. "ಅದು ಸೇತುವೆ ಮಾತು. ನಾನು ಹೇಳ್ತಿರೋದು ಕೌಂಟರ್ ಮಾತು! ನಲವತ್ತು ವರ್ಷ ಕೌಂಟರ್ ಹಿಂದೆ ನಿಂತ ಮನುಷ್ಯ ಇಲ್ಲೇ ಇದಾನೆ, ಅವನನ್ನೇ ಕೇಳೋಣ. ಆರ್ವೋ, ಎದ್ದು ನಿಲ್ಲಪ್ಪಾ. ನಿನ್ನ ಅಂಗಡೀಲಿ ತೆರಿಗೆ ವಿಷಯದಲ್ಲಿ ಎಷ್ಟು ಮೋಸ ಆಗಿದೆ? ಹೇಳು ಇವರಿಗೆ."

ಆ ಗಳಿಗೆಯಲ್ಲಿ ಫ್ರಿಜ್ಜಿನ ನೆನಪೇ ಬರಲಿಲ್ಲ ಎಂದು ಗ್ಲೆಂಡಾಗೆ ಹೇಳಿದ್ದೆ. ಸುಳ್ಳು. ನೆನಪಿತ್ತು. ಆರ್ವೋ ನನ್ನ ಮಾನ ಕಾಯುತ್ತಾನೆಂದು ಗೊತ್ತಿತ್ತು, ಆ ಧೈರ್ಯದ ಮೇಲೆಯೇ ಕೇಳಿದೆ. ನನ್ನ ಬದುಕಿನಲ್ಲಿ ಅಷ್ಟು ಕೀಳಾದ ಧೈರ್ಯ ಇನ್ನೊಂದಿಲ್ಲ.

ಆರ್ವೋ ಎದ್ದ. ಕಿವಿ ಕೆಂಪಾಗಿತ್ತು. ಮುಂದಿನ ಕುರ್ಚಿಯ ಬೆನ್ನು ನೋಡುತ್ತಾ ಹೇಳಿದ, "ಒಂದು ಆಗಿದೆ."

ಹಿಂದೆ ಪೈ ಮಾರುತ್ತಿದ್ದ ಹೆಂಗಸರೂ ತಿರುಗಿ ನೋಡಿದರು.

"ಈ ವರ್ಷ ರಾಜ್ಯದವರು ಬಂದು ಪುಸ್ತಕ ನೋಡಿದ್ರು. ಒಂದು ಫ್ರಿಜ್ಜಿಗೆ ತೆರಿಗೆ ಹಾಕ್ಬೇಕಿತ್ತು. ಹಾಕ್ಬೇಕು ಅಂತ ನನಗೆ ಗೊತ್ತಿತ್ತು, ಹಾಕ್ಲಿಲ್ಲ. ಒರೆಗನ್ ಗಿರಾಕಿ ಅಂತ ಬರ್ಕೊಂಡೆ. ಸಿಕ್ಕಿಬಿದ್ದೆ. ದಂಡ ಕಟ್ಟಿದೀನಿ."

"ಹಾಗಾದ್ರೆ ಮೋಸ ಮಾಡಿದ್ದು ಯಾರು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಬರೆದೋನು ನಾನು" ಎಂದು ಕೂತುಕೊಂಡ. ಐಲೀ ನನ್ನನ್ನೇ ನೋಡುತ್ತಿದ್ದಳು.

ಒಂದು ವಾಕ್ಯ ಸಾಕಾಗಿತ್ತು. ಆ ಫ್ರಿಜ್ಜು ನನ್ನ ಮನೆಯಲ್ಲಿದೆ, ಅಷ್ಟೇ. ಮೈಕು ನನ್ನ ಕೈಯಲ್ಲೇ ಇತ್ತು. ನಾನು ಹೇಳಿದ್ದು ಬೇರೆ. "ನೋಡಿದ್ರಾ!" ಎಂದೆ. "ಸಿಕ್ಕಿಬಿದ್ದ! ಕೌಂಟರಿನಲ್ಲಿ ಮಾಡಿದ ತಪ್ಪು ಎಷ್ಟು ಚಿಕ್ಕದಾದ್ರೂ ಸಿಕ್ಕಿಬೀಳುತ್ತೆ. ನಾನು ಹೇಳಿದ್ದೂ ಅದೇ!" ಜನ ಚಪ್ಪಾಳೆ ಹೊಡೆದರು. ಕೈ ಎತ್ತಿಸಿ ಎಣಿಸಿದಾಗ ಅರವತ್ತಮೂರಕ್ಕೆ ನಲವತ್ತು, ಗೆದ್ದವನು ನಾನು. ಗ್ಲೆಂಡಾಳೇ ಕಾರು ಓಡಿಸಿ ಮನೆಗೆ ಕರೆತಂದಳು. ಬಾಗಿಲು ತೆಗೆಯುವಾಗ ಒಂದೇ ಮಾತು ಹೇಳಿದಳು, "ಥೂ, ಮರ್ಲ್."

ಬೆಳಗ್ಗೆ ನೂರ ಮೂವತ್ತೊಂದು ಡಾಲರಿನ ಚೆಕ್ ಬರೆದುಕೊಂಡು ಅಂಗಡಿಗೆ ಹೋದೆ. ಆರ್ವೋ ಒಲೆಯೊಂದರ ತಿರುಗಿಸುವ ಗುಬುಟು ಬಿಚ್ಚುತ್ತಿದ್ದ. ಚೆಕ್ಕನ್ನು ಕೌಂಟರಿನ ಮೇಲಿಟ್ಟೆ. "ಫ್ರಿಜ್ಜಿನದು" ಎಂದೆ.

ಒಳಗಿನಿಂದ ಐಲೀ ಬಂದು ಚೆಕ್ ಎತ್ತಿ ನೋಡಿದಳು. ಆಕೆ ನಕ್ಕ ರೀತಿ ಇವತ್ತಿಗೂ ಕಿವಿಯಲ್ಲಿದೆ. "ನೂರ ಮೂವತ್ತೊಂದಾ? ಮರ್ಲ್, ನಾವು ಕಟ್ಟಿದ್ದು ಎಂಟು ಸಾವಿರದ ಮುನ್ನೂರು."

ನನಗೆ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ತಪಾಸಣೆಗೆ ಬಂದ ಹುಡುಗಿ ನಾಲ್ಕು ವರ್ಷದ ಲೆಕ್ಕವನ್ನು ಪೂರ್ತಿ ನೋಡುವುದಿಲ್ಲ. ಒಂದು ತಿಂಗಳು ಆರಿಸಿಕೊಳ್ಳುತ್ತಾಳೆ. ಅವಳು ಆರಿಸಿದ್ದು ಆ ಆಗಸ್ಟ್. ಒರೆಗನ್ ಪುಸ್ತಕದಲ್ಲಿದ್ದ ಮೆಷೀನಿನ ನಂಬರುಗಳನ್ನು ರಿಪೇರಿ ಚೀಟಿಗಳ ಜೊತೆ ತಾಳೆ ನೋಡಿದಳು. ಒಂದು ನಂಬರು ಎರಡು ಕಡೆಯೂ ಸಿಕ್ಕಿತು. ಪುಸ್ತಕದಲ್ಲಿ ವರ್ಲಿನ್, ಚೀಟಿಯಲ್ಲಿ ನಾನು. ಒಂದು ತಿಂಗಳಲ್ಲಿ ಒಂದು ಸುಳ್ಳು ಮಾರಾಟವಾದರೆ ನಲವತ್ತೆಂಟು ತಿಂಗಳಲ್ಲಿ ನಲವತ್ತೆಂಟು ಎಂದು ಲೆಕ್ಕ ಕಟ್ಟುವುದು ಅವರ ಪದ್ಧತಿ. ಮೇಲೆ ದಂಡ, ಬಡ್ಡಿ.

"ಆ ಹುಡುಗಿ ಒಳ್ಳೆಯವಳೇ" ಎಂದಳು ಐಲೀ. "'ಕಂಗಾಸ್ ಅವರೇ, ಈ ಮನೆಯವರು ನನಗೆ ಸುಳ್ಳು ಹೇಳಿದ್ರು ಅಂತ ಒಂದು ಸಾಲು ಬರೆದುಕೊಡಿ. ನಿಮ್ಮನ್ನ ಬಿಟ್ಟು ಅವರ ಹತ್ರ ಹೋಗ್ತೀನಿ' ಅಂದ್ಲು. ಇವನು ಬರೀಲಿಲ್ಲ."

"ಯಾಕೋ? ಯಾಕೆ ಬರೀಲಿಲ್ಲ?" ನನ್ನ ದನಿ ಏರಿತ್ತು, ತಪ್ಪು ಅವನದೇ ಎಂಬಂತೆ.

"ನೀನು ಸುಳ್ಳು ಹೇಳಿ ನನ್ನ ನಂಬಿಸಿದ್ರೆ ತಾನೇ?" ಆರ್ವೋ ಗುಬುಟು ಒರೆಸುತ್ತಲೇ ಹೇಳಿದ. "ಗ್ಲೆಂಡಾ ಅವತ್ತಿಗೆ ಎರಡು ದಿನ ಮುಂಚೇನೇ ಬಂದು ಅದೇ ಫ್ರಿಜ್ಜಿನ ಅಳತೆ ತಗೊಂಡು ಹೋಗಿದ್ಲು. ನೀನು ಬಾಗಿಲು ದಾಟಿ ಒಳಗೆ ಬರ್ತಿದ್ದ ಹಾಗೇ ನನಗೆ ಗೊತ್ತಾಯ್ತು. ಗೆಳೆಯನ ಮುಖ ನೋಡ್ಕೊಂಡು 'ನೀನು ಸುಳ್ಳುಗಾರ' ಅನ್ನೋಕೆ ಬಾಯಿ ಬರಲಿಲ್ಲ. ಅದು ನನ್ನ ತಪ್ಪು."

ಎಂಟು ಸಾವಿರವನ್ನೂ ಕೊಡುತ್ತೇನೆ, ಗಿರಣಿಯ ಉಳಿತಾಯವಿದೆ ಎಂದೆ. ಅವನು ತಲೆಯಾಡಿಸಿದ. "ಬೇಡ. ಕಟ್ಟಿ ಆಯ್ತಲ್ಲ. ನಿನ್ನೆ ಗ್ರೇಂಜಿಂದ ಹೊರಡೋವಾಗ್ಲೇ ಜನ ಒಂಥರಾ ನೋಡಿದ್ರು ಮರ್ಲ್. ಐಲೀಗೆ ಕಷ್ಟ ಆಗ್ತಿದೆ. ಬರೋ ಸಭೇಲಿ ಎದ್ದು ನಿಂತು ಆ ಫ್ರಿಜ್ಜು ನಿಂದು ಅಂತ ಹೇಳು. ಅಷ್ಟು ಸಾಕು." ನಲವತ್ತಮೂರು ವರ್ಷದ ಪರಿಚಯದಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಅದೊಂದೇ. ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ನವೆಂಬರಿನ ಸಭೆಗೆ ಹೋಗಲಿಲ್ಲ, ಶೀತ ಎಂದೆ. ಡಿಸೆಂಬರಿನ ಸಭೆಯಲ್ಲಿ ಅಧ್ಯಕ್ಷ ಹಾರ್ಲನ್ ವೀಚ್ ಗಂಟಲು ಸರಿಮಾಡಿಕೊಂಡು, ಯಾರನ್ನೂ ನೋಡದೆ, "ಖಜಾಂಚಿ ಸ್ಥಾನ ಒಬ್ಬರ ಹತ್ರಾನೇ ಬಹಳ ವರ್ಷ ಇರೋದು ಬೇಡ ಅಂತ ಕೆಲವರು ಅಂತಿದಾರೆ. ಆರ್ವೋ ಮೇಲೆ ಯಾರಿಗೂ ಏನೂ ಇಲ್ಲ" ಎಂದ. ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆರ್ವೋ, ಆಗಲಿ ಎಂದ. ಆಮೇಲೆ ಯಾರೋ ನನ್ನ ಹೆಸರು ಹೇಳಿದರು. ತೆರಿಗೆ, ದುಡ್ಡಿನ ವಿಷಯ ಅರೆದು ಕುಡಿದವನು ಎಂದರು. ಸುತ್ತಲೂ ಕೈಗಳು ಮೇಲೆದ್ದವು.

ಎದ್ದು ನಿಂತೆ. ಹೇಳಲೆಂದೇ ಎದ್ದೆ ಎಂದು ಆಣೆ ಮಾಡಬಲ್ಲೆ. ಎಲ್ಲರ ಮುಖ ನನ್ನ ಕಡೆಗಿತ್ತು, ಎಲ್ಲದರಲ್ಲೂ ಗೌರವವಿತ್ತು. ಆ ಗೌರವ ಕೈಬಿಡಲು ಆಗಲಿಲ್ಲ. "ತುಂಬಾ ಥ್ಯಾಂಕ್ಸ್" ಎಂದು ಕೂತೆ. ಆರ್ವೋ ಸಂಘದ ತಗಡಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದ.

"ಬೀಗ ಸ್ವಲ್ಪ ಬಿಗಿ" ಎಂದ. "ಕೀ ಹಾಕಿ ಸ್ವಲ್ಪ ಎತ್ತಿ ತಿರುಗ್ಸು."

ಆಮೇಲೆ ಶನಿವಾರಗಳು ನಿಂತವು. ಅವನು ಕರೆಯುವುದನ್ನು ನಿಲ್ಲಿಸಲಿಲ್ಲ, ನಾನೇ ಹೋಗುವುದನ್ನು ನಿಲ್ಲಿಸಿದೆ. ಆ ಸಣ್ಣ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳಲು ನಿಜಕ್ಕೂ ಜಾಗವಿರಲಿಲ್ಲ. ಭಾಷಣ ಮಾಡುವುದನ್ನೂ ಬಿಟ್ಟೆ. ಯಾವ ತೆರಿಗೆ ದೇಶಕ್ಕೆ ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಫಾರಂ ತುಂಬುವಾಗ ನನ್ನ ಸುಳ್ಳಿಗೆ ನಾನೇ ಸಹಿ ಹಾಕುತ್ತಿದ್ದೆ. ಕೌಂಟರಿನಲ್ಲಿ ಅದನ್ನು ಆರ್ವೋನ ಕೈಯಲ್ಲಿ ಬರೆಸಿದೆ. ನನಗೆ ಗೊತ್ತಿರುವುದು ಇಷ್ಟೇ. ಅಂಗಡಿ ಇನ್ನೂ ಮೂರು ವರ್ಷ ನಡೆದು ಮುಚ್ಚಿತು. ಊರವರು ಆರ್ವೋನನ್ನು ದೂರ ಇಡಲಿಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಸಿಕ್ಕಾಗ ಮಾತಾಡಿಸುತ್ತಿದ್ದರು. ಚಿಲ್ಲರೆ ಕೊಟ್ಟರೆ ಎಣಿಸಿಕೊಳ್ಳುತ್ತಿದ್ದರು, ಅಷ್ಟೇ. ಮೊದಲು ಎಣಿಸುತ್ತಿರಲಿಲ್ಲ.

ಎರಡು ಸಾವಿರದ ಹದಿಮೂರರ ನವೆಂಬರಿನಲ್ಲಿ ಆರ್ವೋ ತೀರಿಕೊಂಡ, ಎದೆನೋವು. ಅಷ್ಟು ಹೊತ್ತಿಗೆ ಗ್ಲೆಂಡಾ ತೀರಿಹೋಗಿ ಎರಡು ವರ್ಷವಾಗಿತ್ತು. ವರ್ಲಿನ್ ಮಗಳ ಮನೆಗೆಂದು ಅರಿಜೋನಾ ಸೇರಿದ್ದ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಗ್ರೇಂಜ್ ಹಾಲಿನಲ್ಲಿ ಕಾಫಿ ಇತ್ತು. ಯಾರು ಬೇಕಾದರೂ ಎದ್ದು ನಿಂತು ಎರಡು ಮಾತು ಹೇಳಬಹುದು ಎಂದರು. ಒಬ್ಬಳು ತನ್ನ ಡ್ರೈಯರಿನ ಕತೆ ಹೇಳಿ ಅತ್ತಳು. ನಾನು ಎದ್ದೆ. ಈ ಸಲ ಹೇಳಿದೆ. ಫ್ರಿಜ್ಜು, ವರ್ಲಿನ್‌ನ ಕಾರ್ಡು, ಹಗ್ಗ, ರಿಪೇರಿಯ ಚೀಟಿ, ಎಂಟು ಸಾವಿರ, ಎಲ್ಲ ಹೇಳಿದೆ. "ಅವತ್ತು ಇದೇ ಹಾಲಲ್ಲಿ ಆರ್ವೋ ಹೊತ್ಕೊಂಡಿದ್ದು ನನ್ನ ತಪ್ಪು. ನಾನು ಕಳ್ಳ. ನನ್ನ ಬಾಯಿ ಮುಚ್ಚಿಕೊಂಡು ಅವನ ಹೆಸರು ಹಾಳು ಮಾಡಿದೆ" ಎಂದೆ. ಉಗಿಯುತ್ತಾರೆಂದು ಕಾದೆ. ಉಗಿಯಲಿ ಎಂದು ಆಸೆಪಟ್ಟೆ ಎಂದರೂ ಸರಿ.

ಹಾರ್ಲನ್ ವೀಚ್ ಎದ್ದು ಬಂದ. ಕಣ್ಣು ಒದ್ದೆಯಾಗಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದ, "ಎಂಥಾ ದೊಡ್ಡ ಮನಸ್ಸಪ್ಪಾ ನಿಂದು! ಸತ್ತ ಗೆಳೆಯನ ಹೆಸರು ಉಳಿಸೋಕೆ ಅವನ ತಪ್ಪನ್ನ ಮೈಮೇಲೆ ಎಳ್ಕೊಳೋರು ಈ ಕಾಲದಲ್ಲಿ ಯಾರಿದಾರೆ?"

"ಇಲ್ಲ ಹಾರ್ಲನ್, ನಿಜವಾಗ್ಲೂ ನಾನೇ…"

"ಸಾಕು ಬಿಡು, ಮರ್ಲ್. ನಮಗೆ ಅರ್ಥ ಆಗುತ್ತೆ. ಆರ್ವೋ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಒಂದ್ಸಲ ಎಡವಿದ, ಯಾರು ಎಡವಲ್ಲ?"

ಜನ ಚಪ್ಪಾಳೆ ತಟ್ಟಿದರು. ಹೆಂಗಸರು ಬಂದು ಕೈ ಹಿಡಿದುಕೊಂಡರು. ಎಷ್ಟು ಸಲ ಇಲ್ಲ ಇಲ್ಲ ಎಂದೆನೋ ಅಷ್ಟೂ ಸಲ ಅವರ ಕಣ್ಣಲ್ಲಿ ಇನ್ನೊಂದು ಮೆಟ್ಟಿಲು ಮೇಲೇರಿದೆ. ಕೊನೆಗೆ ಕುರ್ಚಿಯಲ್ಲಿ ಕುಸಿದು ಕೂತೆ.

ಐಲೀ ಕಾಫಿಯ ಪಾತ್ರೆ ಹಿಡಿದು ಒಂದೊಂದೇ ಟೇಬಲ್ಲಿಗೆ ಬರುತ್ತಿದ್ದಳು. ನನ್ನ ಕಪ್ಪಿಗೂ ಸುರಿದಳು.

"ನೀವಾದ್ರೂ ಹೇಳಿ ಐಲೀ" ಎಂದೆ. "ನಿಮಗೆ ಗೊತ್ತಲ್ಲ. ನಾನು ಹೇಳಿದ್ರೆ ಇವರು ನಂಬ್ತಿಲ್ಲ."

ಆಕೆ ಕಪ್ಪು ತುಂಬಿಸಿ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ, ಸಿಟ್ಟೇ ಇಲ್ಲದೆ ಹೇಳಿದಳು, "ಅವನು ಹೇಳಿದಾಗ ಒಂದೇ ಮಾತಿಗೆ ನಂಬಿದ್ರಲ್ಲ, ಮರ್ಲ್. ಆರ್ವೋ ಯಾವತ್ತೂ ಸುಳ್ಳು ಹೇಳೋನಲ್ಲ ಅಂತ."